ಮಡಿ ಬೂಟು

ಕ್ಲಾಸೆಟ್ಟಿನ ಕೆಳಗಿನ ಸಾಲಿನಲ್ಲಿ, ಸ್ನೋಗೆ ಹಾಕುವ ದಪ್ಪ ಬೂಟುಗಳ ಹಿಂದೆ, ಒಂದು ನೀಲಿ ಬಟ್ಟೆಯ ಚೀಲ ಸಿಕ್ಕಿತು. ದಾರ ಬಿಚ್ಚಿದೆ. ರಬ್ಬರಿನ ವಾಸನೆ ಬಂತು, ಅದರ ಜೊತೆಗೆ ಮರದ ನೆಲದ ಪಾಲಿಶ್ ವಾಸನೆ, ಸ್ವಲ್ಪ ನೋವಿನ ಮುಲಾಮಿನದು. ಒಳಗೆ ನನ್ನ ಗಂಡನ ಬಿಳಿ ಬೂಟುಗಳಿದ್ದವು. ಮೇಲೆಲ್ಲ ಹಳದಿಗಟ್ಟಿದ್ದವು, ಲೇಸು ಸವೆದಿತ್ತು. ಆದರೆ ತಿರುಗಿಸಿ ನೋಡಿದರೆ ಅಡಿ ಶುಭ್ರ. ಒಂದು ಕಲ್ಲಿನ ಚೂರಿಲ್ಲ, ಹಿಮ ಕರಗಲೆಂದು ರಸ್ತೆಗೆ ಹಾಕುವ ಉಪ್ಪಿನ ಕಲೆಯಿಲ್ಲ. ಮಿಷಿಗನ್‌ನಲ್ಲಿ ಇಷ್ಟು ವರ್ಷ ಇದ್ದೂ ಬೀದಿಯನ್ನು ಮುಟ್ಟದ ಬೂಟುಗಳು.

ಇವರು ತೀರಿಕೊಂಡದ್ದು ಹೋದ ಫಾಲ್‌ನಲ್ಲಿ, ಎಲೆ ಉದುರುವ ಹೊತ್ತಿಗೆ. ಇವರ ಬಟ್ಟೆಬರೆ ತೆಗೆದಿಡುವ ಕೆಲಸವನ್ನು ಇವತ್ತು ನಾಳೆ ಎಂದು ತಳ್ಳುತ್ತಲೇ ಬಂದಿದ್ದೆ. ಚೀಲ ಕೈಗೆ ಬಂದಾಗ ಮೊದಲು ನೆನಪಾದದ್ದು, ವಿಚಿತ್ರವೆಂದರೆ, ಇವರಲ್ಲ. ಹಿಂದಿನ ಬೀದಿಯ ಅಂಕಲ್.

ನಮ್ಮದು ಡೆಟ್ರಾಯಿಟ್ ಹತ್ತಿರದ ಸ್ಟರ್ಲಿಂಗ್ ಹೈಟ್ಸ್‌ನ ಒಂದು ಹಳೆಯ ಬಡಾವಣೆ. ಅಂಕಲ್ ಅಲ್ಲಿ ಒಬ್ಬರೇ ಇದ್ದರು. ಆಂಟಿ ತೀರಿಹೋಗಿದ್ದರು, ಒಬ್ಬಳೇ ಮಗಳು ಶಿಕಾಗೋ ಹತ್ತಿರದ ಇಟಾಸ್ಕಾದಲ್ಲಿದ್ದಳು. ವಯಸ್ಸಿನಲ್ಲಿದ್ದಾಗ ಬೆಂಗಳೂರಿನ ಒಂದು ಕಾರ್ಖಾನೆ ಅವರನ್ನು ಜರ್ಮನಿಯ ಸಣ್ಣ ಊರಿಗೆ ಕೆಲಸ ಕಲಿಯಲು ಕಳಿಸಿತ್ತಂತೆ. ಭಾಷೆ ಬಾರದು, ಸ್ನೇಹಿತರಿಲ್ಲ. ಸಂಜೆ ಹೊತ್ತು ರೂಮಿನಲ್ಲಿ ಗೋಡೆ ನೋಡುತ್ತ ಕೂತಿದ್ದವರನ್ನು ಮನೆಯೊಡತಿ ಊರಿನ ವ್ಯಾಯಾಮದ ಸಂಘಕ್ಕೆ ಕರೆದುಕೊಂಡು ಹೋಗಿ ಬಿಟ್ಟಳು. ಹಾಲ್ ಪುರಸಭೆಯದು. ಸಂಘ ಯಾರದೂ ಅಲ್ಲ, ಬಂದವರೆಲ್ಲರದು. ಮಾಂಸದಂಗಡಿಯವನು, ಡಾಕ್ಟರು, ಇವರು, ಎಲ್ಲ ಒಂದೇ ಚೆಂಡಿನ ಹಿಂದೆ ಓಡುವುದು, ಕೊನೆಗೆ ಎಲ್ಲರೂ ಸೇರಿ ನೆಲ ಗುಡಿಸುವುದು. ಆಮೇಲೆ ಅಮೆರಿಕಕ್ಕೆ ಬಂದು, ಪಕ್ಕದ ವಾರೆನ್‌ನಲ್ಲಿ ಇಡೀ ಸರ್ವಿಸ್ ಮುಗಿಸಿದರೂ ಆ ಸಣ್ಣ ಊರು ಅವರ ತಲೆಯಿಂದ ಇಳಿದಿರಲಿಲ್ಲ. ಯಾರ ಮನೆಯ ಊಟಕ್ಕೆ ಬಂದರೂ ಸಾರಿಗೂ ಮಜ್ಜಿಗೆಗೂ ನಡುವೆ ಒಮ್ಮೆ "ಜರ್ಮನಿಯಲ್ಲಿ…" ಎಂದು ಶುರುವಾಗುತ್ತಿತ್ತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ರಿಸೆಷನ್ ಬಂತು. ಡೆಟ್ರಾಯಿಟ್ ಕಡೆ ಅದು ಬೇರೆ ಊರುಗಳಿಗಿಂತ ಮೊದಲು ಬಂತು, ತಡವಾಗಿ ಹೋಯಿತು. ಇವರು ವಾರೆನ್‌ನಲ್ಲಿ ಕಾರಿನ ಬಿಡಿಭಾಗ ಡಿಸೈನ್ ಮಾಡುವ ಕಂಪನಿಯಲ್ಲಿದ್ದರು. ಹಿಂದಿನ ವರ್ಷವಷ್ಟೇ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರು. ಆಸ್ಪತ್ರೆಯಲ್ಲಿ ಹೃದಯದವರಿಗೆಂದೇ ಒಂದು ವ್ಯಾಯಾಮದ ಕ್ಲಾಸ್ ಇತ್ತು. ನರ್ಸ್ ಪಕ್ಕದಲ್ಲಿ ನಿಂತು ನಡೆಸುವುದು, ನಿಲ್ಲಿಸುವುದು… ಅದನ್ನು ಬಿಡಬೇಡಿ ಎಂದು ಡಾಕ್ಟರು ಒತ್ತಿ ಹೇಳಿದ್ದರು. ಕೆಲಸ ಹೋದಾಗ ಕಂಪನಿ ಕೊಟ್ಟಿದ್ದ ಇನ್ಶೂರೆನ್ಸ್ ಹೋಯಿತು, ಇನ್ಶೂರೆನ್ಸ್ ಜೊತೆಗೆ ಆ ಕ್ಲಾಸೂ ಹೋಯಿತು. ಆಫೀಸಿನ ಜಿಮ್ಮಿಗೆ ಬ್ಯಾಡ್ಜ್ ಇಲ್ಲದೆ ಬಾಗಿಲೇ ತೆರೆಯುತ್ತಿರಲಿಲ್ಲ.

ಇವರು ಬೇಸ್‌ಮೆಂಟಿಗೆ ಇಳಿದವರು ಮೇಲೆ ಬರುವುದು ಊಟಕ್ಕೆ ಮಾತ್ರ ಎಂಬಂತಾಯಿತು. ಏನಾದರೂ ಕೇಳಿದರೆ "ಅಪ್ಲೈ ಮಾಡಿದೀನಿ, ನೋಡೋಣ" ಅಷ್ಟೇ. ಹೊರಗೆ ಫ್ಯಾರನ್‌ಹೀಟ್ ಹತ್ತು ಡಿಗ್ರಿಯ ಚಳಿ, ಕಾಲಿಟ್ಟಲ್ಲಿ ಐಸ್. ಮಾಲ್ ಒಳಗಾದರೂ ಎರಡು ಸುತ್ತು ನಡೆದು ಬನ್ನಿ ಎಂದರೆ, "ಸೋಮವಾರ ಬೆಳಿಗ್ಗೆ ಮಾಲ್‌ನಲ್ಲಿ ನನ್ನ ಯಾರಾದ್ರೂ ನೋಡಿದ್ರೆ ಏನಂತ ಹೇಳ್ಲಿ?" ಎನ್ನುತ್ತಿದ್ದರು. ಮಗಳು ಮೆಟ್ಟಿಲ ಮೇಲೆ ನಿಂತು "ಡ್ಯಾಡ್, ಜಸ್ಟ್ ಕಮ್ ಅಪ್" ಎಂದು ಕೂಗಿ ಸ್ಕೂಲಿಗೆ ಹೋಗುತ್ತಿದ್ದಳು. ನಾನು ಅಡಿಗೆಮನೆಯಲ್ಲಿ ನಿಂತು ಕೆಳಗಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ಕೆಮ್ಮಿದರೆ ಸಮಾಧಾನ, ಕುರ್ಚಿ ಎಳೆದರೆ ಸಮಾಧಾನ. ಸದ್ದಿಲ್ಲದಿದ್ದರೆ…

ಒಂದು ದಿನ ಅಂಕಲ್ ಬಂದರು. ಬೇಸ್‌ಮೆಂಟಿನ ಬಾಗಿಲ ಕಡೆ ನೋಡಿ, "ಏನಮ್ಮ, ಬ್ಯಾಡ್ಜ್ ಹೋದ್ರೆ ಹಾರ್ಟೂ ಹೋಗಬೇಕೇನು?" ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಅವರು ನೋಡದವರಂತೆ ಮೆಟ್ಟಿಲ ತಲೆಗೆ ಹೋಗಿ ಗಟ್ಟಿಯಾಗಿ ಹೇಳಿದರು, "ಇಟಾಸ್ಕಾಕ್ಕೆ ಹೋಗಬೇಕಪ್ಪ ನಾನು. ನನ್ನ ಕಣ್ಣು ಸರಿ ಇಲ್ಲ. ನೀನು ಡ್ರೈವ್ ಮಾಡು."

ಅಲ್ಲಿ ಅಂಕಲ್ ಮಗಳ ಆಫೀಸಿನ ಪಕ್ಕದ ಹೋಟೆಲಿನಲ್ಲಿ ಹೆಲ್ತ್ ಕ್ಲಬ್ಬುಗಳ ಮಾಲೀಕರ ಸಭೆಯಿತ್ತು. ಮಧ್ಯಾಹ್ನದ ಭಾಷಣಕ್ಕೆ ಯಾರು ಬೇಕಾದರೂ ಕೂರಬಹುದು. ಯುರೋಪಿನಿಂದ ಒಬ್ಬ ಹೆಂಗಸು ಬಂದು, ಅಲ್ಲಿನ ಸರ್ಕಾರಗಳು ಜನರ ಆಟ ವ್ಯಾಯಾಮಗಳಿಗೆ ಏನು ಮಾಡುತ್ತವೆ, ಅದರಲ್ಲಿ ಹೆಲ್ತ್ ಕ್ಲಬ್ಬುಗಳ ಪಾಲೇನು ಎಂದು ಮಾತಾಡುತ್ತಾಳೆ. ಅಂಕಲ್‌ಗೆ ಅದನ್ನು ಕೇಳಲೇಬೇಕಿತ್ತು. ನಾನು ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ದಾರಿಯುದ್ದಕ್ಕೂ, ನಮಗಿನ್ನೂ ಬೋರ್ಡೇ ಕಾಣದಿರುವಾಗ, "ಮುಂದಿನ ಎಕ್ಸಿಟ್‌ನಲ್ಲಿ ಕಾಫಿ ಇದೆ" ಎಂದು ಅಂಕಲ್ ಓದಿ ಹೇಳುತ್ತಿದ್ದರು. ಇವರು ಕನ್ನಡಿಯಲ್ಲಿ ನನ್ನನ್ನು ನೋಡಿದರು.

ಭಾಷಣ ನನಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾದಷ್ಟು ಹೇಳುತ್ತೇನೆ. ಅಲ್ಲಿ ವ್ಯಾಯಾಮವೆಂದರೆ ರಸ್ತೆ, ನೀರು, ಲೈಬ್ರರಿಗಳ ಹಾಗೆ ಊರಿನ ಜವಾಬ್ದಾರಿ ಎಂದು ಸರ್ಕಾರಗಳು ಬರೆದಿಟ್ಟುಕೊಂಡಿವೆಯಂತೆ. ಆದರೆ ಸರ್ಕಾರದ ಕಣ್ಣು ಹಳೆಯ ಸಂಘಗಳ ಮೇಲೆ, ಪದಕ ಗೆಲ್ಲುವವರ ಮೇಲೆ. ಎಷ್ಟೋ ಜನ ದಿನಾ ಹೋಗುವ ಹೆಲ್ತ್ ಕ್ಲಬ್ಬುಗಳನ್ನು ಯಾರೂ ಮಾತಿಗೆ ಕರೆಯುವುದಿಲ್ಲ. ಕರೆಯಬೇಕು, ಎಂದಳು ಅವಳು. ಹಾಗೆಯೇ ಕ್ಲಬ್ಬುಗಳೂ ಈಗಾಗಲೇ ಗಟ್ಟಿಮುಟ್ಟಾಗಿರುವವರನ್ನು ಬಿಟ್ಟು, ಕುರ್ಚಿಯಿಂದ ಏಳದವರ ಬಗ್ಗೆ ಯೋಚಿಸಬೇಕು.

ಅಂಕಲ್ ಎದ್ದು ನಿಂತರು. ಕೋಟಿನ ಗುಂಡಿ ಹಾಕಿಕೊಂಡು ಕೇಳಿದರು, "ಮೇಡಂ, ಕೆಲಸ ಕಳಕೊಂಡವನು ನಿಮ್ಮಲ್ಲಿ ಎಲ್ಲಿಗೆ ಹೋಗ್ತಾನೆ? ಸಂಘಕ್ಕೆ ಹೋಗ್ತಾನೆ, ಅಲ್ವೆ?" ಜೊತೆಗೆ ತಮ್ಮ ಆ ಊರಿನ ಹೆಸರನ್ನೂ ಹೇಳಿದರು.

ಅವಳು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಆ ಊರು ತನಗೆ ಗೊತ್ತು, ಪುರಸಭೆಯ ಕೈಯಲ್ಲಿ ದುಡ್ಡಿಲ್ಲದೆ ಹಾಲ್ ಮುಚ್ಚಿದೆ ಎಂದಳು. ಕೆಲಸ ಹೋದವರು ನಮ್ಮಲ್ಲೂ ಮೊದಲು ಬರುವುದನ್ನು ನಿಲ್ಲಿಸುತ್ತಾರೆ, ಆಮೇಲೆ ಎಲ್ಲಿ ಹೋಗುತ್ತಾರೋ ನಮಗೂ ಗೊತ್ತಿಲ್ಲ, ಎಂದಳು.

ಅಂಕಲ್ ಕೂತರು. ಆಗ ಅವರ ಮುಖ… ಯಾರೋ ಹತ್ತಿರದವರು ಹೋದ ಸುದ್ದಿ ಎಲ್ಲರಿಗಿಂತ ತಡವಾಗಿ ಬಂದಾಗ ಹೇಗಿರುತ್ತದೋ ಹಾಗಿತ್ತು. ಇವರು ಮೆಲ್ಲಗೆ ಅವರ ಮೊಣಕೈ ಹಿಡಿದುಕೊಂಡರು. ಕೆಲಸ ಹೋದಮೇಲೆ ಇವರು ಇನ್ನೊಬ್ಬರ ಕಡೆ ತಿರುಗಿ ನೋಡಿದ್ದು ಅದೇ ಮೊದಲು.

ಕಾಫಿಯ ಮೇಜಿನ ಹತ್ತಿರ ಒಬ್ಬ ಎತ್ತರದ ಹೆಂಗಸು ಬಂದು ಪರಿಚಯ ಹೇಳಿಕೊಂಡಳು. ನಮ್ಮ ಮನೆಯ ಹತ್ತಿರದ ಸಾಲಂಗಡಿಗಳ ಸ್ಟ್ರಿಪ್ ಮಾಲ್‌ನಲ್ಲಿದ್ದ ಹೆಲ್ತ್ ಕ್ಲಬ್ಬಿನ ಒಡತಿ. ಅವಳ ಮೆಂಬರುಗಳೆಲ್ಲ ಕಾರಿನ ಕಂಪನಿಗಳವರು, ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದರು. ಅಂಕಲ್ ಪೀಠಿಕೆ ಹಾಕಲಿಲ್ಲ.

"ಬೆಳಿಗ್ಗೆ ನಿನ್ನ ಹಾಲ್ ಖಾಲಿ ಇರತ್ತೆ. ನಮಗೆ ಕೊಡು."

"ಪುಕ್ಕಟೆ ಕೊಟ್ಟರೆ, ದುಡ್ಡು ಕೊಡೋರು ಯಾಕೆ ಕೊಡ್ತಾರೆ?"

"ನಾವು ಗಿರಾಕಿಗಳಲ್ಲ. ಬಾಗಿಲು ನಾವೇ ತೆಗೀತೀವಿ, ನಾವೇ ಗುಡಿಸ್ತೀವಿ, ಮ್ಯಾಟ್ ಸುತ್ತಿಟ್ಟು ಹೋಗ್ತೀವಿ. ಹಿಂದಿನ ರಾತ್ರಿಗಿಂತ ಕ್ಲೀನಾಗಿರತ್ತೆ."

ಅವಳು ಅವರನ್ನೇ ನೋಡಿದಳು. "ನೆಲ ಹೊಸದು. ಬೀದಿಯ ಬೂಟು ಹಾಕಿಕೊಂಡು ಒಬ್ಬರೂ ಕಾಲಿಡಕೂಡದು."

ಅಂಕಲ್ ಮುಖ ಅರಳಿತು. ಜರ್ಮನಿಯಲ್ಲಿ ಮೊದಲ ದಿನ ಅವರಿಗೆ ಹೇಳಿದ ಮಾತೂ ಅದೇ ಅಂತೆ. ವಾಪಸ್ ಬರುವಾಗ ಒಂದು ಬೋರ್ಡನ್ನೂ ಓದಿ ಹೇಳಲಿಲ್ಲ. ಮಿಷಿಗನ್‌ನ ಬೋರ್ಡ್ ದಾಟಿದಮೇಲೆ, "ಅಲ್ಲಿ ಇಲ್ಲ ಅಂದ್ರೆ ಇಲ್ಲೇ ಮಾಡೋದಪ್ಪ" ಎಂದರು. ಯಾರಿಗೆ ಹೇಳಿದರೋ ತಿಳಿಯಲಿಲ್ಲ.

ಮೊದಲ ಸೋಮವಾರ ನಮ್ಮವರು ಏಳೆಂಟು ಮಂದಿ ಬಂದರು. ಇವರನ್ನು ಅಂಕಲ್ ಖುದ್ದಾಗಿ ಬೇಸ್‌ಮೆಂಟಿನಿಂದ ಹತ್ತಿಸಿಕೊಂಡು ಬಂದಿದ್ದರು. ಗಂಡಸರು ಒಬ್ಬರನ್ನೊಬ್ಬರು ನೋಡಿ ಬೆಚ್ಚಿದರು. "ಇವತ್ತು ರಜಾ ಹಾಕಿದೀನಿ" ಎಂದರು ಒಬ್ಬರು. "ನಂದೂ ವರ್ಕ್ ಫ್ರಮ್ ಹೋಮ್" ಎಂದರು ಇನ್ನೊಬ್ಬರು. ಬೀದಿಯ ಬೂಟು ಕೂಡದು ಎಂದು ಎಲ್ಲರಿಗೂ ಹೇಳಿತ್ತಲ್ಲ, ನಮಗೆ ತಿಳಿದದ್ದು ಒಂದೇ. ಎಲ್ಲರೂ ಬಾಗಿಲಲ್ಲಿ ಬೂಟು ಕಳಚಿ, ಪೂಜೆಯ ಮನೆಯ ಮುಂದೆ ಇರುವ ಹಾಗೆ ಗುಡ್ಡೆ ಹಾಕಿ, ಸಾಕ್ಸಿನಲ್ಲಿ ಒಳಗೆ ಹೋದೆವು. ಪಾಲಿಶ್ ಮಾಡಿದ ಮರದ ನೆಲ. ಕೈ ಮೇಲೆತ್ತಿ, ಕಾಲು ಅಗಲಿಸಿ ಎಂದು ಅಂಕಲ್ ಅಂದರೋ ಇಲ್ಲವೋ, ಇವರು ಜರ್ರನೆ ಜಾರಿ ಕೂತುಬಿಟ್ಟರು.

ಎತ್ತಿದ ಕೈಗಳು ಮೇಲೆಯೇ ನಿಂತವು. ಸ್ಟೆಂಟಿನ ವಿಷಯ ಎಲ್ಲರಿಗೂ ಗೊತ್ತು. ನಾನು ಓಡಿದೆ, ನಾನೂ ಜಾರಿ ಅವರ ಪಕ್ಕದಲ್ಲೇ ಕೂತೆ. ಇವರು ನನ್ನನ್ನು ನೋಡಿದರು. ತುಟಿ ಅಲುಗಿತು. ಆಮೇಲೆ ನಗು ಬಂತು… ಹೊಟ್ಟೆಯಿಂದ ಬಂದ ನಗು. ಆ ಸದ್ದನ್ನು ನಾನು ಆ ಚಳಿಗಾಲವೆಲ್ಲ ಕೇಳಿರಲಿಲ್ಲ.

"ಏನ್ರಪ್ಪ ಇದು, ಸತ್ಯನಾರಾಯಣ ಪೂಜೆಗೆ ಬಂದಿದೀರಾ?" ಅಂಕಲ್ ಕೂಗಿದರು. ತಮ್ಮ ನೀಲಿ ಚೀಲದಿಂದ ಬಿಳಿ ಬೂಟು ತೆಗೆದು ತೋರಿಸಿದರು. "ಇದು ಒಳಗಿನ ಬೂಟು. ಇಲ್ಲಿ ಬಂದೇ ಹಾಕ್ಕೋಬೇಕು, ಇಲ್ಲೇ ಕಳಚಬೇಕು. ಬೀದಿಗೆ ತಾಗಿಸೋ ಹಾಗಿಲ್ಲ, ಬೇರೇದರ ಜೊತೆ ಇಡೋ ಹಾಗಿಲ್ಲ."

ಹಿಂದಿನಿಂದ ಮೈಸೂರಿನ ಒಬ್ಬಾಕೆ ಅಂದಳು, "ಹಾಗಾದ್ರೆ ಅಂಕಲ್, ಇದು ಮಡಿ ಬೂಟು ಅನ್ನಿ!"

ಅವತ್ತಿನಿಂದ ಅದಕ್ಕೆ ಅದೇ ಹೆಸರು. ಎಲ್ಲರೂ ಒಂದೊಂದು ಜೊತೆ ಮಡಿ ಬೂಟು ತಂದರು. ಚೀಲಗಳನ್ನು ಅಂಕಲ್ ತಮ್ಮ ಹಳೆಯ ಕಿಟಕಿ ಪರದೆಯಿಂದ ಹೊಲಿದುಕೊಟ್ಟರು.

ಇನ್ನೊಂದು ನಿಯಮವಿತ್ತು. ಬಂದವರು ಎಲ್ಲರ ಕೈ ಕುಲುಕಬೇಕು. ದೂರದಿಂದ ನಮಸ್ಕಾರ ನಡೆಯುವುದಿಲ್ಲ. ಅದೂ ಆ ಊರಿನದೇ ಪದ್ಧತಿ. ಮೊದಮೊದಲು ನಾವೆಲ್ಲ ನಾಚುತ್ತಿದ್ದೆವು. ಆದರೆ ದಿನಾ ಬೆಳಿಗ್ಗೆ ಒಬ್ಬನ ಕೈ ಹಿಡಿದು, ಮುಖ ನೋಡಿ, ರಜಾ ಹಾಕಿದೀನಿ ಎಂದು ಎಷ್ಟು ದಿನ ಹೇಳಲಾದೀತು? ಒಂದು ಬೆಳಿಗ್ಗೆ ಆ ವರ್ಕ್ ಫ್ರಮ್ ಹೋಮ್‌ನವರು ಇವರ ಕೈ ಹಿಡಿದುಕೊಂಡೇ, "ನಂದೂ ಹೋಗಿದೆ ಸ್ವಾಮಿ" ಎಂದರು. ಇವರು ಕೈ ಬಿಡಲಿಲ್ಲ. "ಹೂಂ. ಬನ್ನಿ, ಮ್ಯಾಟ್ ಹಾಸೋಣ" ಎಂದರು.

ಮುಂದಿನ ಚಳಿಗಾಲದ ಹೊತ್ತಿಗೆ ಆ ಕ್ಲಬ್ಬೂ ಮುಚ್ಚಿತು. ಒಡತಿ ಹೋಗುವಾಗ ಮ್ಯಾಟುಗಳನ್ನು ನಮಗೇ ಬಿಟ್ಟುಹೋದಳು. ಒಂದು ಚರ್ಚಿನ ಹಾಲ್‌ನಲ್ಲಿ ಮುಂದುವರಿಸಿದೆವು. ಇವರಿಗೆ ಸಣ್ಣ ಕೆಲಸ ಸಿಕ್ಕಿತು, ಆಮೇಲೆ ಅದಕ್ಕಿಂತ ಸ್ವಲ್ಪ ದೊಡ್ಡದು. ಶನಿವಾರ ಬೆಳಿಗ್ಗೆಯ ವ್ಯಾಯಾಮ ಮಾತ್ರ ತಪ್ಪಿಸುತ್ತಿರಲಿಲ್ಲ. ಹೃದಯದ ಡಾಕ್ಟರು ಪ್ರತಿಸಲ "ಏನು ಮಾಡುತ್ತಿದ್ದೀರೋ ಅದನ್ನೇ ಮಾಡಿ" ಎನ್ನುತ್ತಿದ್ದರು. ಮಗಳ ಗ್ರಾಜುಯೇಷನ್ ನೋಡಿದರು, ಮದುವೆ ನೋಡಿದರು.

ಅಂಕಲ್‌ಗೆ ಸ್ಟ್ರೋಕ್ ಆಗಿ ಅವರ ಮಗಳು ಇಟಾಸ್ಕಾಕ್ಕೆ ಕರೆದುಕೊಂಡು ಹೋದಳು. ಒಮ್ಮೆ ನೋಡಲು ಹೋದೆವು. "ನಿಮ್ಮನ್ನ ಗುರುತು ಹಿಡಿಯೋದು ಕಷ್ಟ, ಬೇಜಾರು ಮಾಡ್ಕೋಬೇಡಿ" ಎಂದು ಮಗಳು ಮೊದಲೇ ಹೇಳಿದಳು. ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದರು. ನಾವು ಬೂಟು ಕಳಚಿ ಸಾಕ್ಸಿನಲ್ಲಿ ಒಳಗೆ ಕಾಲಿಟ್ಟೆವು. ಅವರು ನಮ್ಮ ಮುಖ ನೋಡಲಿಲ್ಲ, ಕಾಲು ನೋಡಿದರು. ಹುಬ್ಬು ಗಂಟಿಕ್ಕಿತು. ಮಾತು ತೊದಲಿದರೂ ಸ್ಪಷ್ಟವಾಗಿಯೇ ಕೇಳಿದರು, "ಒಳಗಿನ ಬೂಟು ತಂದಿಲ್ಲವೇನಪ್ಪ?"

ಇವರು ಕಾರಿಗೆ ವಾಪಸ್ ಹೋದರು. ಚೀಲ ಯಾವಾಗಲೂ ಟ್ರಂಕಿನಲ್ಲೇ ಇರುತ್ತಿತ್ತು. ಹೊಸ್ತಿಲ ಮೇಲೆ ಕೂತು ಮಡಿ ಬೂಟು ಹಾಕಿಕೊಂಡು, ಲೇಸು ಕಟ್ಟಿ, ಆ ಬಿಳಿ ಕಾರ್ಪೆಟ್ಟಿನ ಮೇಲೆ ನಡೆದು ಹೋಗಿ ಕೈ ಚಾಚಿದರು. ಮಗಳು ತಡೆಯಲಿಲ್ಲ. ಅಂಕಲ್ ಕೈ ಕುಲುಕಿದರು. ಬಹಳ ಹೊತ್ತು ಬಿಡಲಿಲ್ಲ. ನಾವು ಯಾರೆಂದು ಕೊನೆಗೂ ಅವರಿಗೆ ಗೊತ್ತಾಯಿತೋ ಇಲ್ಲವೋ… ಆ ವರ್ಷವೇ ಅವರು ಹೋದರು.

ಇವರು ಹೋದಾಗ, ಕರ್ಮ ಮಾಡಿಸಿದ ಪುರೋಹಿತರು ಪಾದರಕ್ಷೆ ದಾನ ಕೊಡಬೇಕು ಎಂದಿದ್ದರು. ಮಗಳು ಅಂಗಡಿಯಿಂದ ಹೊಸದು ತಂದು ಕೊಟ್ಟಳು. ಈ ಚೀಲ ಆಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಬಿದ್ದಿದ್ದರೂ ನಾನು ಕೊಡುತ್ತಿರಲಿಲ್ಲವೇನೋ.

ಮನೆಯೀಗ ಸದ್ದಿಲ್ಲದೆ ಇದೆ. ಕೆಳಗಿನಿಂದ ಕೆಮ್ಮು ಕೇಳುವುದಿಲ್ಲ, ಕುರ್ಚಿ ಎಳೆಯುವುದು ಕೇಳುವುದಿಲ್ಲ. ಅಂಕಲ್ ಇಲ್ಲ, ಇವರೂ ಇಲ್ಲ. ಆದರೆ ಆ ಚಳಿಗಾಲಕ್ಕೇ ಮುಗಿಯಬಹುದಾಗಿದ್ದದ್ದು ಮುಗಿಯದೆ, ನಮಗೆ ಅಷ್ಟು ವರ್ಷ ಸಿಕ್ಕಿದವು. ಅದನ್ನು ಅಂಕಲ್‌ಗೆ ಬಾಯಿಬಿಟ್ಟು ಹೇಳುವ ಸಂದರ್ಭ ಬರಲೇ ಇಲ್ಲ.

ನಾನು ಈ ಮನೆಯಲ್ಲಿ ಯಾರನ್ನೂ, ಫರ್ನೇಸ್ ರಿಪೇರಿಯವನನ್ನು ಕೂಡ, ಬೂಟು ಕಾಲಲ್ಲಿ ಒಳಗೆ ಬಿಟ್ಟವಳಲ್ಲ. ಇವತ್ತು ಇವರ ಬೂಟುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಲೇಸು ಒಳಗೆ ಮಡಿಸಿ, ಮಲಗುವ ಕೋಣೆಯಲ್ಲಿ ಇವರ ಮಂಚದ ಪಕ್ಕಕ್ಕೆ ಇಟ್ಟೆ.