ಹಾಲಮ್ಮ ಬಾಯಿಬಿಟ್ಟು ಹೇಳದ ಹೆಸರು

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಮಾತು. ಆಗ ನಾನು ಕೊಟ್ಟೂರಿನಲ್ಲಿ ವಕೀಲಿಕೆಯ ಜೊತೆಗೆ ನೋಟರಿಯಾಗಿಯೂ ಇದ್ದೆ. ಜನ ಪ್ರಮಾಣ ಮಾಡಿ ಹೇಳಿದ್ದನ್ನು ಕೇಳಿ, ಅದನ್ನು ಬರೆದ ಕಾಗದಕ್ಕೆ ಮುದ್ರೆ ಒತ್ತುವುದು ನೋಟರಿಯ ಕೆಲಸ. ಆ ಕಾಗದವೇ ಅಫಿಡವಿಟ್. ಕೆಲವರ ಹತ್ತಿರ ಮುದ್ರೆ ಮೊದಲು ಬೀಳುತ್ತದೆ, ಮಾತು ಆಮೇಲೂ ಇರುವುದಿಲ್ಲ. ನನ್ನದು ಹಾಗಲ್ಲ. ಎದುರಿಗೆ ಕೂತವರು ಮುಖ್ಯ ಸಂಗತಿಯನ್ನು ತಮ್ಮ ಬಾಯಿಂದಲೇ ಹೇಳಬೇಕು, ನಾನು ಕಿವಿಯಾರೆ ಕೇಳಬೇಕು. ಪಕ್ಕದ ಟೈಪಿಸ್ಟ್ ನನ್ನನ್ನು ‘ಪರೀಕ್ಷೆ ಮೇಷ್ಟ್ರು’ ಎಂದು ಗೇಲಿ ಮಾಡುತ್ತಿದ್ದ. ನನಗೆ ಅದರಲ್ಲಿ ಒಳಗೊಳಗೇ ಜಂಬವೂ ಇತ್ತು.

ಕೋಗಳಿಯ ಸುಜಾತಾ ನರ್ಸ್, ಆಕೆಯ ಗಂಡ ಬಸವರಾಜ ಎಕ್ಸ್‌ರೇ ಟೆಕ್ನಿಶಿಯನ್. ಜರ್ಮನಿಯ ಒಂದು ಆಸ್ಪತ್ರೆ ಸುಜಾತಾಗೆ ಕೆಲಸ ಕೊಡಲು ಒಪ್ಪಿತ್ತು. ಮೊದಲ ಹತ್ತು ತಿಂಗಳು ಅಲ್ಲೇ ಇದ್ದು ಅವರ ಭಾಷೆ ಕಲಿತು ಪರೀಕ್ಷೆ ಪಾಸಾಗಬೇಕು ಎಂಬುದು ಷರತ್ತು. ಗಂಡನೂ ಮಗನೂ ಜೊತೆಗೆ ಹೋಗಿ ಕಲಿಯಬಹುದಿತ್ತು. ಇಬ್ಬರೂ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಮನೆಯ ಬಾಗಿಲು, ಕನ್ನಡಿ, ಮಜ್ಜಿಗೆ ಗಡಿಗೆಗೆಲ್ಲ ಜರ್ಮನ್ ಹೆಸರಿನ ಚೀಟಿ ಅಂಟಿಸಿಕೊಂಡು ಮೂವರೂ ಬಾಯಿಪಾಠ ಮಾಡುತ್ತಿದ್ದರಂತೆ.

ಅಡ್ಡ ಬಂದದ್ದು ಆರು ವರ್ಷದ ಮಗನ ಪಾಸ್‌ಪೋರ್ಟ್. ಜನನ ಪ್ರಮಾಣಪತ್ರದಲ್ಲಿ ಅವನು ಕೊಟ್ರೇಶ. ಶಾಲೆಯ ದಾಖಲೆಯಲ್ಲಿ, ಅದನ್ನು ನೋಡಿ ಮಾಡಿಸಿದ ಆಧಾರ್ ಕಾರ್ಡಿನಲ್ಲಿ ಯಜಮಾನಪ್ಪ. ಕಾಗದದ ಲೆಕ್ಕಕ್ಕೆ ಇಬ್ಬರು ಹುಡುಗರು.

ಆದದ್ದಿಷ್ಟು. ಮಗುವಿಗೆ ತೀರಿಹೋದ ಅಜ್ಜನ, ಅಂದರೆ ಬಸವರಾಜನ ತಂದೆಯ, ಹೆಸರು ಕೊಟ್ರೇಶ ಎಂದೇ ಇಟ್ಟಿದ್ದರು. ಅಪ್ಪ ಅಮ್ಮ ಇಬ್ಬರೂ ಡ್ಯೂಟಿಯಲ್ಲಿದ್ದ ದಿನ ಶಾಲೆಗೆ ಸೇರಿಸಲು ಕರೆದೊಯ್ದವರು ಅಜ್ಜಿ ಹಾಲಮ್ಮ, ಅಂದರೆ ಬಸವರಾಜನ ತಾಯಿ. ನಮ್ಮ ಕಡೆ ಹಳೇ ಕಾಲದ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ. ಗಂಡನ ಹೆಸರಿನ ಸದ್ದು ಬರುತ್ತದೆಂದು ಹಾಲಮ್ಮ ಕೊಟ್ಟೂರು ಎಂದು ಸಹ ಹೇಳುತ್ತಿರಲಿಲ್ಲ, ಬಸ್ಸಿನಲ್ಲಿ ‘ಸ್ವಾಮಿ ಊರಿಗಿ ಒಂದು ಕೊಡ್ರಿ’ ಎಂದು ಟಿಕೆಟ್ ಕೇಳುತ್ತಿದ್ದರು. ಮೊಮ್ಮಗನನ್ನು ಮನೆಯಲ್ಲಿ ‘ಯಜಮಾನ’ ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಹೆಸರು ಕೇಳಿದಾಗಲೂ ಅದನ್ನೇ ಹೇಳಿದರು, ಮೇಷ್ಟ್ರು ಯಜಮಾನಪ್ಪ ಎಂದು ಬರೆದುಕೊಂಡರು, ಇವರು ಪೋಷಕರ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಬಂದರು. ಆಮೇಲೆ ತಿದ್ದಿಸಿದರಾಯಿತು ಎಂದು ಬಸವರಾಜ ಎರಡು ವರ್ಷ ತಳ್ಳಿದ್ದ.

ಇದೇನು ಮಹಾ ಎಂದು ನಾನು ಅಪ್ಪ ಅಮ್ಮನಿಂದ ಅಫಿಡವಿಟ್ ಮಾಡಿಸಿ ಕಳಿಸಿದೆ. ಅಜ್ಜಿಯನ್ನು ಕೇಳಲೇ ಇಲ್ಲ. ಅದು ನನ್ನ ತಪ್ಪು. ಹನ್ನೊಂದನೇ ದಿನ ಬೆಂಗಳೂರಿನ ಪಾಸ್‌ಪೋರ್ಟ್ ಕಚೇರಿಯಿಂದ ಕಾಗದ ವಾಪಸ್ ಬಂತು. ಎರಡನೇ ಹೆಸರು ಬರೆಸಿದವರ ಹೇಳಿಕೆಯೇ ಬೇಕು ಎಂಬ ಷರಾ ಇತ್ತು. ವೀಸಾ ಸಂದರ್ಶನಕ್ಕೆ ಉಳಿದದ್ದು ಎಂಟು ದಿನ. ಮರುದಿನ ಬೆಳಿಗ್ಗೆಯೊಳಗೆ ಹೊಸ ಕಾಗದ ತಲುಪದಿದ್ದರೆ ಹುಡುಗನ ಪಾಸ್‌ಪೋರ್ಟಿನ ಆಸೆ ಬಿಡಬೇಕಿತ್ತು.

ಅದೇ ದಿನ ಮಧ್ಯಾಹ್ನ ನಾಲ್ವರೂ ನನ್ನ ಮುಂದೆ ಕೂತಿದ್ದರು. ಸುಜಾತಾಳ ಕಣ್ಣು ಅತ್ತು ಬಾತುಕೊಂಡಿತ್ತು.

“ಮಗನ್ನ ಬಿಟ್ಟು ನಾನು ಹೋಗಂಗಿಲ್ರಿ ಸರ್. ಹೋಗದಿದ್ರ ಇಲ್ಲೂ ಕೆಲಸಿಲ್ಲ, ಅಲ್ಲೂ ಇಲ್ಲ. ಏನ್ ಮಾಡ್ಲಿ ನಾನು?”

ನಾನು ಹಾಲಮ್ಮನ ಕಡೆ ತಿರುಗಿ, ಹುಡುಗನ ನಿಜವಾದ ಹೆಸರು ಹೇಳಿ ಎಂದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬಸವರಾಜ ತಾಯಿಯ ಕಾಲು ಹಿಡಿದ. ಕೊನೆಗೆ ನನ್ನ ಕಡೆ ತಿರುಗಿ, “ನೀವ ಬರಕೊಂಡು ಮುದ್ರಿ ಒತ್ತಿಬಿಡ್ರಿ ಸರ್. ಅವ್ವ ಹೆಬ್ಬೆಟ್ಟು ಹಾಕ್ತಾಳ” ಎಂದು ಗೋಗರೆದ. ಒತ್ತಿಬಿಡಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಆದರೆ ನನ್ನ ಹಟ ನನಗೆ ದೊಡ್ಡದಾಗಿತ್ತು. ಸಿಟ್ಟೂ ನೆತ್ತಿಗೇರಿತ್ತು.

“ಮೊಮ್ಮಗನ್ನ ಕಳಸಾಕ ನಿಮಗ ಮನಸಿಲ್ಲ, ಅದಕ್ಕ ಈ ನಾಟಕ” ಎಂದುಬಿಟ್ಟೆ.

ಹಾಲಮ್ಮ ಸೆರಗು ತೆಗೆದರು. “ಯಪ್ಪಾ, ಅವರನ್ನ ಮಣ್ಣು ಮಾಡಿದ ದಿನಾನೂ ನಾನು ಹೆಸರು ಹಿಡಿದು ಅತ್ತಿಲ್ಲ. ಹೆಸರು ಹೇಳಿದ್ರ ಆಯುಷ್ಯ ಕಡಿಮಿ ಆಗತೈತಿ ಅಂತ ನಮ್ಮವ್ವ ಹೇಳಿದ್ಲು. ಅವರಂತೂ ಹೋದ್ರು. ಈಗ ಆ ಹೆಸರು ಯಾರ ಮ್ಯಾಲೈತಿ?”

ಎಲ್ಲರೂ ಹುಡುಗನನ್ನೇ ನೋಡಿದೆವು. ಅವನು ನೆಲದ ಮೇಲೆ ಕೂತು ನನ್ನ ಹಳೇ ಮುದ್ರೆಯ ಜೊತೆ ಆಡುತ್ತಿದ್ದ. ಅಷ್ಟು ಹೊತ್ತು ಆ ಹೆಂಗಸು ಹೆದರಿದ್ದು ಅವನಿಗಾಗಿ. ನನಗೆ ಕೂತಲ್ಲೇ ನಾಚಿಕೆಯಾಯಿತು. ಅಷ್ಟಾದರೂ ಗಡಿಯಾರ ನಿಂತಿರಲಿಲ್ಲ, ಬೆಂಗಳೂರಿಗೆ ಕಾಗದ ಒಯ್ಯಬೇಕಿದ್ದ ಬಸ್ಸಿಗೆ ಒಂದೇ ತಾಸು ಉಳಿದಿತ್ತು.

ಸುಜಾತಾ ಅತ್ತೆಯ ಪಕ್ಕ ನೆಲಕ್ಕೆ ಕೂತಳು. “ಅತ್ತೀ, ತೊಟ್ಲದಾಗ ಹಾಕಿದಾಗ ಅವನ ಕಿವ್ಯಾಗ ಹೆಸರು ಹೇಳಿದ್ದು ಸೋದರತ್ತಿ. ನೀವು ಹಿಂದ ಸರದು ನಿಂತಿದ್ರಿ. ಈಗ ನೀವ ಹೇಳ್ರಿ. ಹಂಗ, ಕಿವ್ಯಾಗ. ಅದು ಆಶೀರ್ವಾದ ಆಕೈತಿ.”

ಹಾಲಮ್ಮ ಸೊಸೆಯ ಮುಖ ನೋಡಿದರು. ಆಮೇಲೆ ಹುಡುಗನನ್ನು ತೊಡೆಗೆಳೆದುಕೊಂಡು, ಸೆರಗು ಮರೆಮಾಡಿ, ಅವನ ಕಿವಿಗೆ ಬಾಯಿಟ್ಟರು. ನನಗೆ ಕಂಡದ್ದು ಆ ಸೆರಗಷ್ಟೇ.

“ಅಜ್ಜಿ ಕೊಟ್ರೇಶ ಅಂದ್ಲು!” ಎಂದು ಹುಡುಗ ಕೂಗಿದ.

ನನ್ನ ಕಿವಿಗೆ ಬಿದ್ದದ್ದು ಅವನ ಧ್ವನಿ, ಅವರದಲ್ಲ. ನನ್ನ ನಿಯಮಕ್ಕೆ ಅದು ಸಾಲದು. ಆದರೂ ಮುದ್ರೆ ಒತ್ತಿದೆ. ಹೆಬ್ಬೆಟ್ಟು ಒತ್ತಿದ ಮೇಲೆ ಹಾಲಮ್ಮ ಕೈ ಒರೆಸಿಕೊಳ್ಳಲಿಲ್ಲ. ಹಾಗೇ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು.

ಪಾಸ್‌ಪೋರ್ಟ್ ಸಂದರ್ಶನದ ಹಿಂದಿನ ದಿನ ಬಂತು. ಕುಟುಂಬ ಹೊರಟಿತು. ಹಾಲಮ್ಮ ಕೋಗಳಿಯಲ್ಲೇ ಇದ್ದ ಮಗಳ ಮನೆ ಸೇರಿದರು. ನಾನೂ ಕಡತ ಕಟ್ಟಿಟ್ಟೆ.

ನಾಲ್ಕು ತಿಂಗಳ ಮೇಲೆ ಒಂದು ದಿನ ಹಾಲಮ್ಮ ಒಬ್ಬರೇ ಬಂದರು. ಕೂರಿ ಎಂದರೂ ಕೂರಲಿಲ್ಲ.

“ಯಪ್ಪಾ, ಹುಡುಗಗ ಅಲ್ಲಿ ಮೂರು ದಿನದಿಂದ ಜ್ವರ ಐತಂತ. ಆ ಕಾಗದದಾಗಿನ ನನ್ನ ಮಾತು ವಾಪಸ್ ತಗೊಳ್ಳಾಕ ಬರತೈತೇನು?”

ಬರುವುದಿಲ್ಲ ಎನ್ನುವ ಬದಲು ಸುಜಾತಾಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ. ಹುಡುಗನೇ ಎತ್ತಿದ. ಜ್ವರ ನಿನ್ನೆಯೇ ಬಿಟ್ಟಿತ್ತು. ಅವನು ಹೊಸ ಭಾಷೆಯಲ್ಲಿ ಏನೇನೋ ಪಟಪಟ ಹೇಳಿ ನಕ್ಕ. ಹಾಲಮ್ಮನಿಗೆ ಅದರ ಒಂದು ಮಾತೂ ತಿಳಿಯಲಿಲ್ಲ, ಆದರೂ ಪೂರಾ ಕೇಳಿದರು.

“ಅಲ್ಲಿ ನಿನಗ ಏನಂತ ಕರೀತಾರೋ?”

“ಕೊಟ್ರೇಶ.”

“ಎಲ್ಲಾರೂ?”

“ಎಲ್ಲಾರೂ. ಯಜಮಾನ ಅನ್ನಾಕ ಇಲ್ಲಿ ಯಾರೂ ಇಲ್ಲಜ್ಜಿ.”

ಹಾಲಮ್ಮ ಮತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಈಗ ನಿವೃತ್ತಿಯ ಹತ್ತಿರ ಬಂದಿದ್ದೇನೆ. ಹೇಳುವವರ ಬಾಯಿಂದಲೇ ಕೇಳಬೇಕೆಂಬ ನಿಯಮ ಇವತ್ತಿಗೂ ಬಿಟ್ಟಿಲ್ಲ, ಅದು ಸರಿಯಾದದ್ದೇ. ಆದರೆ ಈಗ ಪೆನ್ನಿನ ಮುಚ್ಚಳ ತೆಗೆಯುವ ಮೊದಲು, ಇದನ್ನು ಹೇಳುವುದು ನಿಮಗೆ ಕಷ್ಟವೇ ಎಂದು ಒಂದು ಮಾತು ಕೇಳುತ್ತೇನೆ. ಅವತ್ತು ಹಾಲಮ್ಮನನ್ನು ಕೇಳಿರಲಿಲ್ಲ.