ಬಂಪರಿಗೆ ಅಡ್ಡ ನಿಂತವಳು

ನಮ್ಮನೆಯವರ ಹತ್ತಿರ ಕಾರಿಲ್ಲ. ಕಾರು ಓಡಿಸೋಕೂ ಬರಲ್ಲ. ನೌಕರಿ ಇದ್ದಷ್ಟು ದಿನ ಸೈಕಲ್ ತುಳಿದು ಮನೆಮನೆಯ ಕರೆಂಟ್ ಮೀಟರ್ ಓದಿದರು, ಆ ಸೈಕಲ್ಲಿನ ಜೊತೆಗೇ ನಿವೃತ್ತಿಯಾದರು. ಆದರೆ ಹಳೇ ಕಾರು ಅಂದರೆ ಸಾಕು, ಊಟ ನಿದ್ದೆ ಬಿಟ್ಟು ಕೂರ್ತಾರೆ. ನಮ್ಮ ಬೀದಿಯವರು ಅವರಿಗೆ ‘ಮಡ್‌ಗಾರ್ಡ್’ ಅಂತ ಅಡ್ಡಹೆಸರು ಇಟ್ಟಿದ್ದಾರೆ. ಹಾಗಾಗಿ ನಾನು ಮಡ್‌ಗಾರ್ಡ್ ಹೆಂಡತಿ. ಬೀದಿಯ ಅರ್ಧ ಮಕ್ಕಳ ಸ್ಕೂಲ್ ಯೂನಿಫಾರ್ಮ್ ಹೊಲಿದುಕೊಟ್ಟವಳು ನಾನು, ನನಗೂ ಒಂದು ಹೆಸರು ಇದ್ದೀತು ಅಂತ ಯಾರಿಗೂ ಹೊಳೆದಿಲ್ಲ. ಇರಲಿ, ಆ ಜಗಳ ಇನ್ನೊಂದು ದಿನ ಆಡೋಣ.

ಇವರದೊಂದು ಹಳೇ ಕಾರುಗಳ ಬಳಗ ಇದೆ. ಇವರ ಹಾಗೇ ಮಾಡೋಕೆ ಬೇರೆ ಕೆಲಸ ಇಲ್ಲದ ಗಂಡಸರು. ಹಿಂದಿನ ಕಾಲದಲ್ಲಿ ಯಾರ್ಯಾರೋ ತೆಗೆದ ರಸ್ತೆಯ ಫಿಲ್ಮುಗಳನ್ನು ಹುಡುಕಿ ತಂದು ಫೋನಿನ ಗುಂಪಿಗೆ ಹಾಕ್ತಾರೆ. ಆಮೇಲೆ ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡ್ತಾರೆ. ಅದರಲ್ಲಿ ಹೋಗೋ ಕಾರು ಯಾವ ಕಂಪನಿದು, ಯಾವ ವರ್ಷದ್ದು ಅಂತ ಮೊದಲು ಹೇಳಿದವನು ಗೆದ್ದ. ಗೆದ್ದವನಿಗೆ ಏನು ಸಿಗುತ್ತೆ? ಚಪ್ಪಾಳೆ ತಟ್ಟೋ ಎರಡು ಹಳದಿ ಕೈಗಳ ಚಿತ್ರ. ಅದಕ್ಕೇ ಇಷ್ಟು ಸಂಭ್ರಮ. ನಮ್ಮವರು ಇದರಲ್ಲಿ ಎತ್ತಿದ ಕೈ. ಬಸ್ಸಿನ ಮರೆಯಿಂದ ಒಂದು ದೀಪದ ಚೂರು ಇಣುಕಿದರೂ ಆ ಕಾರಿನ ಜಾತಕವನ್ನೇ ಓದಿಬಿಡ್ತಾರೆ. ನಾನು ಹೊಸ ಕನ್ನಡಕ ಹಾಕಿಕೊಂಡದ್ದು ಮಾತ್ರ ಅವರಿಗೆ ಗೊತ್ತಾದದ್ದು, ಅದು ಹಳೇದಾಗಿ ಕಡ್ಡಿ ಮುರಿದಾಗ.

ಒಂದು ಸಂಜೆ ನಾನು ಅಂಗಿಗೆ ಕಾಲರ್ ಹಚ್ಚುತ್ತಾ ಕೂತಿದ್ದೆ. “ಏ, ಬಾರೇ ಇಲ್ಲಿ! ಕಪ್ಪೆಕಣ್ಣು ಸಿಕ್ತು ಕಣೇ!” ಅಂತ ಇವರು ಕುಣಿಯೋದೊಂದು ಬಾಕಿ. ಕಪ್ಪೆಕಣ್ಣು ಅನ್ನೋದು ಒಂದು ಕಾರಿಗೆ ಬಳಗದವರು ಇಟ್ಟಿರೋ ಮುದ್ದಿನ ಹೆಸರು. ಅದರ ಮುಂದಿನ ದೀಪಗಳು ಕಪ್ಪೆಯ ಕಣ್ಣಿನ ಹಾಗೆ ಉಬ್ಬಿಕೊಂಡಿರುತ್ತವೆ. ನಮ್ಮೂರಿಗೆ ಬಂದದ್ದು ಒಂದೇ ಅಂತೆ, ಅದರ ಒಂದು ಫೋಟೋ ಕೂಡ ಯಾರ ಹತ್ತಿರವೂ ಇಲ್ಲವಂತೆ. ಈಗ ಯಾರದೋ ಅಟ್ಟದ ಮೇಲೆ ಸಿಕ್ಕಿದ ರೀಲಿನಲ್ಲಿ ಅದು ಓಡ್ತಾ ಇದೆ.

ಎದ್ದು ಹೋಗಿ ನೋಡಿದೆ. ಕಪ್ಪು ಬಿಳುಪು, ಸದ್ದಿಲ್ಲ. ಲಾಡ್ಜಿನ ಮಹಡಿಯ ಮೇಲೆ ನಿಂತು ಯಾರೋ ಅತಿಥಿ ತೆಗೆದದ್ದು. ಕೆಳಗೆ ರಸ್ತೆ, ಸೈಕಲ್ಲುಗಳು, ಎದುರಿಗೆ ಗಡಿಯಾರದ ಅಂಗಡಿ. ಆ ಅಂಗಡಿ ನೋಡಿದ ಕೂಡಲೇ ಗೊತ್ತಾಯಿತು, ಅದು ನಾನು ಬೆಳೆದ ಬೀದಿ. ದೂರದಿಂದ ಕಪ್ಪೆಕಣ್ಣು ಬರುತ್ತೆ. ಎಲ್ಲಿಂದಲೋ ಒಬ್ಬಳು ಹೆಂಗಸು ಬಂದು ಅದರ ಮುಂದೆ ನಿಲ್ತಾಳೆ, ಬೆನ್ನು ನಮ್ಮ ಕಡೆಗೆ. ಕಾಲ ಬುಡದಲ್ಲಿ ಗಂಟಿನ ಹಾಗೆ ಏನೋ ಒಂದು. ಕಾರು ಗಕ್ಕನೆ ನಿಲ್ಲುತ್ತೆ. ಅವಳ ಕೈ ಗಾಳಿಯಲ್ಲಿ ಆಡುತ್ತೆ. ಅಷ್ಟರಲ್ಲಿ ಫಿಲ್ಮು ಬೇರೆ ಕಡೆ ತಿರುಗುತ್ತೆ.

“ಥೂ! ಈ ಹೆಂಗಸು ಅಡ್ಡ ಬಂದು ಬಂಪರ್ ಪೂರ್ತಿ ಮುಚ್ಚಿಬಿಟ್ಟಳು,” ಅಂದರು ಇವರು.

“ರೀ,” ಅಂದೆ, “ಅದು ನಮ್ಮಮ್ಮ.”

ನಮ್ಮಮ್ಮ ಆ ಲಾಡ್ಜಿನ ಬಟ್ಟೆ ಒಗೆಯೋಳು. ಬೆಡ್‌ಶೀಟು, ದಿಂಬಿನ ಕವರು, ಟವೆಲ್ಲು ಎಲ್ಲವನ್ನೂ ಬೆಳಿಗ್ಗೆ ದೊಡ್ಡ ಗಂಟು ಕಟ್ಟಿ, ಎಡ ಹೆಗಲ ಮೇಲೆ ಹೊತ್ತು, ರಸ್ತೆ ದಾಟಿ ಹಿಂದಿನ ಓಣಿಯ ನಲ್ಲಿಕಟ್ಟೆಗೆ ತರೋಳು. ಒಗೆದು, ನೀಲಿ ಹಾಕಿ, ಒಣಗಿಸಿ, ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ತೀಡಿ, ಕತ್ತಲಾಗೋದರೊಳಗೆ ವಾಪಸ್ ಮುಟ್ಟಿಸಬೇಕು. ಒಗೆದ ಗಂಟನ್ನಂತೂ ಜಪ್ಪಯ್ಯ ಅಂದರೂ ನೆಲಕ್ಕೆ ಇಳಿಸುತ್ತಿರಲಿಲ್ಲ. ಅಪ್ಪ ನಾನು ಹುಟ್ಟೋ ಮುಂಚೆಯೇ ಹೋಗಿದ್ದ. ಲಾಡ್ಜಿನ ಮೆಟ್ಟಿಲ ಕೆಳಗಿನ ಒಂದು ಗೂಡಿನಂಥ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಅಮ್ಮನ ಬಾಯಿ ಅಂದರೆ ಬಾಯಿ. ಬೀದಿಯವರೆಲ್ಲ ‘ಬಜಾರಿ’ ಅನ್ನೋರು, ಅವಳ ಬೆನ್ನ ಹಿಂದೆ ಮಾತ್ರ. ಶೀಟಿನ ಮೇಲೆ ಕಲೆ ಉಳಿದಿದೆ ಅಂತ ಮ್ಯಾನೇಜರ್ ರೇಗಿದರೆ, “ಕಲೆ ಮಾಡಿದೋನನ್ನ ಕೆಳಗೆ ಕಳಿಸಿ, ಅವನ ಕೈಲೇ ಉಜ್ಜಿಸ್ತೀನಿ” ಅನ್ನೋಳು. ಮ್ಯಾನೇಜರ್ ಗಪ್‌ಚಿಪ್.

ನನ್ನ ಮದುವೆಗೆ ಮುಂಚೆಯೇ ಸತ್ತಳು. ಅವಳದೊಂದು ಫೋಟೋ ಇಲ್ಲ. ಒಂದೇ ಸಲ, ಕೆಲಸದವರ ಪಾಸಿಗೆ ಅಂತ ಲಾಡ್ಜಿನವರು ತೆಗೆಸಿದ್ದರು. ಸತ್ತ ಮೇಲೆ ಪಾಸು ವಾಪಸ್ ಕೊಡಿ ಅಂದರು, ಅದು ಲಾಡ್ಜಿನ ಆಸ್ತಿಯಂತೆ! ಇಟ್ಟುಕೊಂಡು ಏನು ಉಪ್ಪಿನಕಾಯಿ ಹಾಕಿಕೊಂಡರೋ. ಈಗೀಗ ಅವಳ ಮುಖ ನನಗೇ ಮಸುಕಾಗ್ತಿದೆ.

ಇಷ್ಟೆಲ್ಲ ಗೊತ್ತಿದ್ದ ನಮ್ಮನೆಯವರು ಏನಂದರು ಗೊತ್ತಾ? “ಮುಖವೇ ಕಾಣಲ್ವಲ್ಲೇ. ಬೆನ್ನು ನೋಡಿ ಹೇಗೆ ಹೇಳ್ತೀಯ?”

“ಎಡಭುಜ ನೋಡ್ರೀ, ಮೇಲಕ್ಕೆದ್ದಿದೆ. ಗಂಟು ಹೊತ್ತೂ ಹೊತ್ತೂ ಹಾಗೇ ನಿಂತುಬಿಟ್ಟಿತ್ತು. ಕಾಲು ನೋಡಿ, ಗಂಡಸರ ಚಪ್ಪಲಿ. ರೂಮಿನಲ್ಲಿ ಯಾರೋ ಬಿಟ್ಟುಹೋದದ್ದನ್ನ ಹಾಕ್ಕೊಂಡು ಎಳೆದುಕೊಂಡು ನಡೀತಿದ್ದಳು.”

“ಆ ಕಾಲದಲ್ಲಿ ಗಂಟು ಹೊರೋ ಹೆಂಗಸರು ಒಬ್ಬರಾ ಇಬ್ಬರಾ? ಅದೂ ಅಲ್ಲದೆ, ಅಮ್ಮ ಗಂಟು ನೆಲಕ್ಕೆ ಇಳಿಸ್ತಿರಲಿಲ್ಲ ಅಂತ ನೀನೇ ಹೇಳ್ತೀಯ. ಇಲ್ಲಿ ನೋಡು, ನಡುರಸ್ತೆ ಧೂಳಲ್ಲಿ ಕೂತಿದೆ.”

ಗಂಟಿನ ಮಾತು ನಿಜವೇ. ಆದರೆ ಪಿತ್ತ ನೆತ್ತಿಗೇರಿತು. ಅಲ್ಲ, ನೀವೇ ಹೇಳಿ. ಮಡ್‌ಗಾರ್ಡಿನ ಕಾಲುಭಾಗ ನೋಡಿ ಕಾರಿನ ವರ್ಷ ಹೇಳೋ ಮನುಷ್ಯ ಇವರು. ಆಗ ಯಾರೂ ಸಾಕ್ಷಿ ಕೇಳಲ್ಲ, ಚಪ್ಪಾಳೆ ತಟ್ಟುತ್ತಾರೆ. ನನ್ನನ್ನು ಹೆತ್ತವಳನ್ನ, ಅವಳ ಭುಜ ಹಿಡಿದೇ ನಡೆಯೋಕೆ ಕಲಿತ ನಾನು ಗುರುತಿಸಿದರೆ, ಮುಖ ತೋರಿಸು ಅಂತಾರೆ.

ಆ ವಾರವೇ ಗುಂಪಿನಲ್ಲಿ ಹೊಸ ಪ್ರತಿ ಬಂತು. ‘ಶುಚಿಗೊಳಿಸಿದ್ದು’ ಅಂತ ಬರೆದಿದ್ದರು. ಇವರು ಟೀವಿಗೆ ಹಾಕಿ ನೋಡ್ತಿದ್ದರು. ಅದೇ ರಸ್ತೆ, ಅದೇ ಗಡಿಯಾರದ ಅಂಗಡಿ. ಕಪ್ಪೆಕಣ್ಣು ಬಂತು, ಬಂತು, ಖಾಲಿ ರಸ್ತೆಯ ಮಧ್ಯದಲ್ಲಿ ತಾನೇ ತಾನಾಗಿ ನಿಂತಿತು. ಮುಂದೆ ಯಾರೂ ಇಲ್ಲ. ಬಂಪರ್ ಫಳಫಳ ಹೊಳೀತಾ ಇದೆ.

“ಅಮ್ಮ ಎಲ್ಲಿ?” ಅಂದೆ.

“ಯಾರಮ್ಮ? ಓ, ಅದಾ? ತೆಗೆಸಿದ್ದೀವಿ. ಬಂಪರ್ ಕಾಣ್ತಿರಲಿಲ್ಲವಲ್ಲ, ನಾನೇ ಕೇಳಿದೆ ಬಳಗದ ಅಧ್ಯಕ್ಷರನ್ನ. ಅವರ ಅಳಿಯ ಕಂಪ್ಯೂಟರಿನಲ್ಲಿ ಮಾಡಿಕೊಟ್ಟ. ಹೇಗಿದೆ ನೋಡು, ಎರಡು ತುಂಡಿನ ಬಂಪರ್!”

ಬಟ್ಟೆಯ ಮೇಲಿನ ಕಲೆ ತೆಗೆದ ಹಾಗೆ ತೆಗೆದಿದ್ದರು ನಮ್ಮಮ್ಮನನ್ನ, ಅದೂ ಅವಳ ಅಳಿಯನೇ, ನನ್ನ ಗಂಡನೇ, ಕೇಳಿಕೊಂಡು. ಇವರ ಫೋನಿನಲ್ಲಿದ್ದ ಹಳೇ ಪ್ರತಿ ಕೊಡಿ ಅಂದೆ. ಫೋನು ತುಂಬಿತ್ತು, ಅಳಿಸಿದೆ ಅಂದರು. ಗುಂಪಿನಲ್ಲೂ ಹಳೇದನ್ನು ತೆಗೆದು ಹೊಸದನ್ನೇ ಇಟ್ಟಿದ್ದರು. ರೀಲು? ಪುಡಿಪುಡಿಯಾಗಿತ್ತಂತೆ, ನಕಲು ತೆಗೆದು ಎಸೆದರಂತೆ.

ಇನ್ನು ಆ ಗುಂಪಿನ ಮಹಾನುಭಾವರ ಕಥೆ ಕೇಳಿ. ಕಾರು ನಡುರಸ್ತೆಯಲ್ಲಿ ಯಾಕೆ ನಿಂತಿತು ಅಂತ ಅವರಿಗೆ ತಲೆನೋವು ಶುರುವಾಯಿತು! ನಿಲ್ಲಿಸಿದವಳನ್ನು ತಾವೇ ಅಳಿಸಿ, ತಾವೇ ತಲೆ ಕೆರೆದುಕೊಂಡರು. ಒಬ್ಬ ಬ್ರೇಕು ಕಚ್ಚಿಕೊಂಡಿರಬೇಕು ಅಂದ. ಇನ್ನೊಬ್ಬ ಗೇರು ಅಂದ. ನಮ್ಮವರು ಮಾತ್ರ, ಆ ಮಾಡೆಲ್ಲಿನಲ್ಲಿ ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಕುದಿದು ಆವಿಯಾಗುತ್ತಿತ್ತು, ಅದಕ್ಕೇ ಇಂಜಿನ್ ನಿಂತಿತು ಅಂತ ಉದ್ದಕ್ಕೆ ಬರೆದರು. ಎಲ್ಲರೂ ವಾಹ್ ವಾಹ್ ಅಂದರು. ಬಳಗದ ವಾರ್ಷಿಕ ಸಭೆಯಲ್ಲಿ ಅದರ ಮೇಲೆ ಭಾಷಣ ಮಾಡಬೇಕು ಅಂತ ಕರೆ ಬಂತು. ಜೀವನದಲ್ಲೇ ಯಾರೂ ಇವರನ್ನು ವೇದಿಕೆ ಹತ್ತಿಸಿದವರಲ್ಲ. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡೋಕೆ ಶುರುಮಾಡಿದರು.

ನಾನು ಇವರ ಫೋನು ಕಿತ್ತುಕೊಂಡು ಗುಂಪಿಗೇ ಬಾಯಲ್ಲಿ ಹೇಳಿ ಕಳಿಸಿದೆ. “ಅಣ್ಣಂದಿರಾ, ಕಾರು ಕೆಟ್ಟು ನಿಂತಿದ್ದಲ್ಲ. ನಮ್ಮಮ್ಮ ನಿಲ್ಲಿಸಿದ್ದು. ಅವಳನ್ನ ಮೊದಲಿದ್ದ ಜಾಗದಲ್ಲಿ ವಾಪಸ್ ನಿಲ್ಲಿಸಿ.” ಅಧ್ಯಕ್ಷರಿಂದ ಉತ್ತರ ಬಂತು: ‘ಮೇಡಂ, ಇದು ಕಾರುಗಳ ಗುಂಪು. ದಯವಿಟ್ಟು ಕುಟುಂಬದ ವಿಷಯ ಬೇಡ. ಹಳೇ ಪ್ರತಿ ಇನ್ನು ಬೇಕಾಗಿಲ್ಲ, ಅಳಿಸಲು ನಮ್ಮ ಅಳಿಯಂದಿರಿಗೆ ತಿಳಿಸಿದ್ದೇನೆ.’ ಕೆಳಗೆ ಕೈಮುಗಿದ ಚಿತ್ರ ಬೇರೆ.

“ಎದ್ದೇಳ್ರೀ,” ಅಂದೆ. “ಅವನು ಅಳಿಸೋದರೊಳಗೆ ಹೋಗಬೇಕು.”

“ಈಗಲಾ? ಯಾರೋ ಒಬ್ಬ ಹೆಂಗಸಿಗೋಸ್ಕರ...”

“ಇನ್ನೊಂದು ಸಲ ಯಾರೋ ಅಂದರೆ ಈ ಮನೆಯಲ್ಲಿ ನಿಮಗೂ ನಾನು ಯಾರೋ.” ಚಪ್ಪಲಿ ಮೆಟ್ಟಿ ಹೊರಟೆ. ಅವರೂ ಬಂದರು, ದಾರಿಯುದ್ದಕ್ಕೂ ಗೊಣಗುತ್ತಾ.

ಅಧ್ಯಕ್ಷರ ಅಳಿಯನದು ಮದುವೆ ವಿಡಿಯೋ ಸ್ಟುಡಿಯೋ. ನಾವು ಹೋದಾಗ ಯಾವುದೋ ಮದುವೆಯ ಗ್ರೂಪ್ ಫೋಟೋದಿಂದ ಒಬ್ಬ ಮಾವನನ್ನು ಅಳಿಸುತ್ತಿದ್ದ. ಮದುವೆ ಆದಮೇಲೆ ಅವನ ಜೊತೆ ಜಗಳ ಆಯಿತಂತೆ, ಮನೆಯವರೇ ತೆಗೆಸಿ ಅಂದರಂತೆ. ಮನುಷ್ಯರನ್ನು ತೆಗೆಯೋದು ಇಷ್ಟು ಸಲೀಸಾಗಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಹುಡುಗ ಒಳ್ಳೆಯವನೇ. “ಪುಣ್ಯಕ್ಕೆ ಇನ್ನೂ ಇದೆ ಆಂಟಿ, ಕೂತ್ಕೊಳಿ” ಅಂದ. ಗೋಡೆಯಗಲದ ಪರದೆಗೆ ಹಾಕಿದ, ನಿಧಾನ ಮಾಡಿದ. ಅಮ್ಮ ಅಷ್ಟು ದೊಡ್ಡದಾಗಿ ನನ್ನ ಮುಂದೆ ನಿಂತಳು. ಅದೇ ಭುಜ, ಅದೇ ಚಪ್ಪಲಿ. ಕೈಯೆತ್ತಿ ಬಾನೆಟ್ಟಿಗೆ ಪಟ್ಟನೆ ಹೊಡೆದಳು. ಡ್ರೈವರಿಗೆ ಅವಳು ಏನು ಬೈದಿರಬಹುದು ಅಂತ ನನಗೆ ಅಕ್ಷರ ಅಕ್ಷರ ಗೊತ್ತು, ಇಲ್ಲಿ ಬರೆಯೋ ಹಾಗಿಲ್ಲ.

ಆಗ ಅವಳ ಕಾಲ ಬುಡದಲ್ಲಿದ್ದ ಗಂಟು ಕೈ ಚಾಚಿತು.

“ಏ, ನಿಲ್ಲಿಸಪ್ಪಾ!” ಅಂತ ಕಿರುಚಿದೆ. ಅದು ಗಂಟಲ್ಲ, ಮಗು. ಬಂಪರಿಗೆ ಬೆನ್ನು ತಾಗೋ ಹಾಗೆ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಏನೋ ಹೆಕ್ಕುತ್ತಿದೆ. ಮೈಮೇಲೆ ಎಲೆ ಎಲೆ ಚಿತ್ರದ ಫ್ರಾಕು. ಲಾಡ್ಜಿನ ಹರಿದ ಪರದೆಯಲ್ಲಿ ಅಮ್ಮ ನನಗೆ ಅಂತ ಕೈಯಲ್ಲೇ ಹೊಲಿದದ್ದು, ಊರಲ್ಲಿ ಇನ್ಯಾರ ಹತ್ತಿರವೂ ಇರಲಿಲ್ಲ. ನಿಜವಾದ ಗಂಟು ರಸ್ತೆಯ ಅಂಚಿನಲ್ಲಿ ಬಿದ್ದಿತ್ತು, ಬಿಚ್ಚಿಹೋಗಿ, ಬಿಳೀ ಶೀಟುಗಳೆಲ್ಲ ಧೂಳಿನಲ್ಲಿ. ಜಪ್ಪಯ್ಯ ಅಂದರೂ ಇಳಿಸದವಳು ಅದನ್ನು ಬಿಸಾಕಿ ಓಡಿದ್ದಳು.

ನನಗೆ ಕಾರು ನೆನಪಿಲ್ಲ. ಒಂದು ದಿನ ಅಮ್ಮ ನನ್ನನ್ನು ದನಕ್ಕೆ ಬಡಿದ ಹಾಗೆ ಬಡಿದದ್ದು ನೆನಪಿದೆ. ಆಮೇಲೆ ಅಷ್ಟೂ ಶೀಟುಗಳನ್ನು ಮತ್ತೆ ಒಗೆದದ್ದು ನೆನಪಿದೆ. ಯಾಕೆ ಹೊಡೆದಳು ಅಂತ ಅವಳು ಹೇಳಲಿಲ್ಲ. ಇಷ್ಟು ವರ್ಷ ಅದೊಂದು ಸಿಟ್ಟು ನನ್ನೊಳಗೆ ಹಾಗೇ ಇತ್ತು. ಸ್ಟುಡಿಯೋದಲ್ಲಿ ಕೂತು ಗೊಳೋ ಅಂತ ಅತ್ತೆ, ನಾಚಿಕೆ ಗೀಚಿಕೆ ಏನೂ ಆಗಲಿಲ್ಲ.

ನಮ್ಮನೆಯವರು ಪರದೆಯ ಹತ್ತಿರ ಹೋಗಿ ಆ ಫ್ರಾಕನ್ನೇ ನೋಡ್ತಾ ನಿಂತರು. ಆಮೇಲೆ ಹುಡುಗನ ಕಡೆ ತಿರುಗಿ, “ಹಾಗಾದರೆ ನೀನು ತೋರಿಸಿದ ಬಂಪರ್ ಎಲ್ಲಿಂದ ಬಂತಪ್ಪ? ಇವರಿಬ್ಬರ ಹಿಂದೆ ಅದು ಕಾಣೋದೇ ಇಲ್ಲವಲ್ಲ?” ಅಂದರು.

“ಹಿಂದೆ ಏನಿತ್ತೋ ನನಗೇನು ಗೊತ್ತು ಅಂಕಲ್? ಕಂಪ್ಯೂಟರ್ ಅಂದಾಜಿನ ಮೇಲೆ ಬರೆದು ತುಂಬುತ್ತೆ.”

ಇಡೀ ಬಳಗ ಬಾಯಿ ಚಪ್ಪರಿಸಿದ ಆ ಎರಡು ತುಂಡಿನ ಬಂಪರ್ ಹುಟ್ಟಿದ್ದು ಈ ಸ್ಟುಡಿಯೋದಲ್ಲಿ! ಇವರ ಮುಖ ಇಂಗು ತಿಂದ ಮಂಗನ ಹಾಗಾಯಿತು. ಬೇರೆ ದಿನ ಆಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದೆ.

ಹಳೇ ಪ್ರತಿಯನ್ನು ಹುಡುಗ ಒಂದು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಮನೆಗೆ ಬಂದ ಮೇಲೆ ಇವರು ಕನ್ನಡಿ ಮುಂದೆ ನಿಲ್ಲಲಿಲ್ಲ. ಸಭೆಯ ದಿನ ಬೆಳಿಗ್ಗೆ, “ನೀನೂ ಬಾ” ಅಂದರು. ಬಳಗದ ಸಭೆಗೆ ಹೆಂಡತಿಯರು ಹೋಗೋ ಪದ್ಧತಿ ಇಲ್ಲ. ಹೋದೆ, ಮುಂದಿನ ಸಾಲಲ್ಲೇ ಕೂತೆ, ಯಾರು ಏಳಿಸ್ತಾರೋ ನೋಡೇಬಿಡೋಣ ಅಂತ.

ಅಧ್ಯಕ್ಷರು ಇವರನ್ನು ಹೊಗಳಿ ಅಟ್ಟಕ್ಕೇರಿಸಿದರು. ಪೆಟ್ರೋಲು ಆವಿಯಾಗುವ ಗುಟ್ಟನ್ನು ಈಗ ಇವರು ಬಿಡಿಸಿ ಹೇಳ್ತಾರೆ ಅಂದರು. ಇವರು ಮೈಕು ಹಿಡಿದರು. ಮೊದಲು ಹಳೇ ಪ್ರತಿಯನ್ನೇ ಹಾಕಿಸಿದರು. ಅಮ್ಮ ಬಂದಳು, ನಿಂತಳು, ಹೊಡೆದಳು.

“ನಾನು ಬರೆದದ್ದು ಪೂರ್ತಿ ತಪ್ಪು,” ಅಂದರು. “ಈ ಕಾರಿಗೆ ಯಾವ ದೋಷವೂ ಇರಲಿಲ್ಲ. ಪೆಟ್ರೋಲು ಸರಿಯಾಗಿತ್ತು, ಗೇರು ಸರಿಯಾಗಿತ್ತು, ದೇವರು ದೊಡ್ಡವನು, ಬ್ರೇಕೂ ಸರಿಯಾಗಿತ್ತು. ಇದನ್ನ ನಿಲ್ಲಿಸಿದ್ದು ನಮ್ಮತ್ತೆ.”

ಹಿಂದಿನ ಸಾಲಿನಲ್ಲಿ ಕಿಸಿಕಿಸಿ ನಗು ಎದ್ದಿತು. ಅಧ್ಯಕ್ಷರಿಗೆ ಇರಿಸುಮುರಿಸಾಯಿತು. ಕೂತಲ್ಲಿಂದಲೇ, “ಅದೆಲ್ಲ ಇರಲಿ, ಮನೆ ವಿಷಯ. ಆದರೆ ಈ ಪ್ರತಿ ನಮಗೇನು ಉಪಯೋಗ ಹೇಳಿ? ಇದರಲ್ಲಿ ಬಂಪರ್ ಕಾಣೋದೇ ಇಲ್ಲವಲ್ಲ?” ಅಂದರು.

ನಮ್ಮನೆಯವರು ಯಾರ ಮುಂದೆಯೂ ದನಿ ಏರಿಸಿದವರಲ್ಲ. ಅವತ್ತೂ ಏರಿಸಲಿಲ್ಲ.

“ಕಾಣಲ್ಲ, ಸಾರ್,” ಅಂದರು. “ಅದರ ಮುಂದೆ ನನ್ನ ಹೆಂಡತಿ ಕೂತಿದ್ದಾಳೆ.”