ಅಕ್ಕನ ಪಾಲು

ಸಾಲದ ಕಾಗದಕ್ಕೆ ಹೆಂಗಸು ಸಹಿ ಹಾಕುವುದಿದ್ದರೆ, ಜೊತೆಗೆ ಬಂದ ಗಂಡಸನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಕೇಳಬೇಕು. ನಮ್ಮ ಬ್ಯಾಂಕಿನ ಕಾನೂನು ವಿಭಾಗದಲ್ಲಿ ಈ ಪದ್ಧತಿ ತಂದವಳು ನಾನು. ಎಪ್ಪತ್ತರ ದಶಕದ ಮುಂಬಯಿಯಲ್ಲಿ ಆ ವಿಭಾಗಕ್ಕೆಲ್ಲ ನಾನೊಬ್ಬಳೇ ಹೆಂಗಸು. ಹಗಲು ಟೈಪಿಂಗ್, ಸಂಜೆ ಲಾ ಕಾಲೇಜು, ಆಮೇಲೆ ಸಾಹೇಬರ ಹತ್ತಿರ ಚೌಕಾಸಿ ಮಾಡಿ ಗಿಟ್ಟಿಸಿದ ಕುರ್ಚಿ. ಕೇಳದೆ ಯಾರೂ ಕೊಡುವುದಿಲ್ಲ. ಹುಡುಗಿಯರಿಗೆ ಈಗಲೂ ಇದನ್ನೇ ಹೇಳುತ್ತೇನೆ. ಹೇಳಿದ ಮೇಲೆ ಮಾತ್ರ ಸ್ವಲ್ಪ ಹೊತ್ತು ಯಾರ ಮುಖವನ್ನೂ ನೋಡಲಾಗುವುದಿಲ್ಲ.

ಚೆಂಬೂರಿನಲ್ಲಿ ಹೋಟೆಲಿಟ್ಟಿದ್ದ ಉಡುಪಿ ಕಡೆಯವರೊಬ್ಬರು ಪಕ್ಕದ ಅಂಗಡಿಯನ್ನೂ ಹಿಡಿಯಲು ಸಾಲ ಕೇಳಿ ಬಂದರು. ಅಡಮಾನಕ್ಕೆ ಊರಿನ ಗದ್ದೆ. ಸಾಹೇಬರು ಒಪ್ಪಿಯಾಗಿತ್ತು. ಪತ್ರ ನೋಡಿದೊಡನೆ ನನಗೆ ತಿಳಿಯಿತು: ಅಳಿಯಕಟ್ಟಿನ ಆಸ್ತಿ, ತಾಯಿಯಿಂದ ಮಗಳಿಗೆ ಇಳಿದು ಬರುವಂಥದು. ಊರಲ್ಲಿರುವ ಅವರ ಅಕ್ಕ ಒಪ್ಪದೆ ಅಡಮಾನ ನಿಲ್ಲದು.

"ಬಾಯೀ, ಪಾರ್ಟಿ ಭಾಗ್ ಜಾಯೇಗಿ," ಎಂದರು ಸಾಹೇಬರು.

ಪಾರ್ಟಿ ಓಡಲಿಲ್ಲ, ಅಕ್ಕನನ್ನು ಕರೆತಂದರು. ಗಂಡ ತೀರಿದವರು, ಮಕ್ಕಳಿಲ್ಲ, ಈ ತಮ್ಮನನ್ನು ಎತ್ತಿ ಬೆಳೆಸಿದವರು. ತಮ್ಮನಿಗೆ ಹೊರಗಿನ ಬೆಂಚು ತೋರಿಸಿದೆ.

"ಎಂತ ಮೇಡಮ್, ಊರಿನವರೇ ಆಗಿ ಹೀಗಾ? ನಾನೆಂತ ಅಕ್ಕನನ್ನು ತಿಂದುಬಿಡ್ತೇನಾ?" ಎಂದು ನಕ್ಕರು.

ಒಳಗೆ ಅಕ್ಕ ಪೆನ್ನು ಹಿಡಿದೇ ಕೂತರು. "ಎಲ್ಲಿ ಹಾಕ್ಬೇಕು, ತೋರಿಸು ಮಗಾ. ಅವನಿಗಲ್ಲದೆ ಮತ್ಯಾರಿಗೆ?"

ಒಪ್ಪಿಗೆ ಉಂಟೇ ಎಂದು ಕೇಳುವುದಷ್ಟೇ ನನ್ನ ಕೆಲಸ. ನಾನು ಬ್ಯಾಂಕಿನ ವಕೀಲೆ, ಅವರದಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ!

"ಸುಮ್ಮನೆ ಹಾಕ್ಬೇಡಿ ಅಕ್ಕ. ಸಾಲ ಮುಳುಗಿದ್ರೆ ನಿಮ್ಮ ಗದ್ದೆಯೂ ಹೋಗ್ತದೆ. ಹೋಟೆಲಿನಲ್ಲಿ ಪಾಲು ಕೇಳಿ."

"ತಮ್ಮನ ಹತ್ರ ಪಾಲು ಕೇಳುದಾ? ನಾಲಿಗೆ ಹೇಗೆ ಏಳುದು ಮಗಾ?"

"ನೀವು ಕೇಳ್ಬೇಡಿ. ನಾನು ಕೇಳ್ತೇನೆ."

ಕೇಳಿಯೇಬಿಟ್ಟೆ. ತಮ್ಮನ ನಗು ನಿಂತಿತು. ಸಾಲ ಬೇಕಿತ್ತು, ಒಪ್ಪಿದರು. ಪಾಲುದಾರಿಕೆಯ ಕರಾರನ್ನು ನಾನೇ ಬರೆಸಿದೆ, ಒಂದು ಸಂದೂ ಬಿಡದೆ. ಮುಂದೆ ವಿಭಾಗದ ಮುಖ್ಯಸ್ಥೆಯ ಜಾಗಕ್ಕೆ ನನ್ನ ಹೆಸರು ಹೋದಾಗ ಸಾಹೇಬರು ಇದೇ ಪ್ರಕರಣವನ್ನು ಎತ್ತಿ ಹೊಗಳಿದರಂತೆ.

ಮರುವರ್ಷ ಅಕ್ಕ ವಡಾಲದ ನನ್ನ ಮನೆ ಹುಡುಕಿಕೊಂಡು ಬಂದರು. ಪಾಲಿನ ಹಣ ತಿಂಗಳು ತಪ್ಪದೆ ಬರುತ್ತಿತ್ತು, ತಮ್ಮ ಮಾತ್ರ ಬರುತ್ತಿರಲಿಲ್ಲ. ನಮ್ಮಲ್ಲಿ ಅಕ್ಕನ ಮನೆಯೇ ತಮ್ಮನ ಮನೆ. ಅಂಥದರಲ್ಲಿ ಈ ತಮ್ಮ ಈಗ ಊರಿಗೆ ಹೋದರೆ ಲಾಡ್ಜಿನಲ್ಲಿ ಉಳಿಯುತ್ತಿದ್ದರು.

"ಇಲ್ಲಿಗಾದ್ರೂ ಬರ್ಲಿ. ಒಂದು ಊಟ ಬಡಿಸ್ತೇನೆ," ಎಂದು ಅಕ್ಕ ನನ್ನ ಅಡುಗೆಮನೆಯಲ್ಲಿ ಮಸಾಲೆ ಅರೆಯಲು ಕೂತರು. ತಮ್ಮನನ್ನು ಕರೆತರಲು ನಾನು ಲೋಕಲ್ ಹಿಡಿದು ಚೆಂಬೂರಿಗೆ ಹೋದೆ.

ಹೋಟೆಲಿನ ಗಲ್ಲಾದಲ್ಲಿ ದುಡ್ಡು ಎಣಿಸುತ್ತಿದ್ದ ತಮ್ಮ ಎದ್ದು ಬಂದು ಕಾಫಿ ತರಿಸಿದರು. ಮರ್ಯಾದೆಗೇನೂ ಕೊರತೆಯಿಲ್ಲ. ವಿಷಯ ಹೇಳಿದೆ.

"ಪಾಲು ಸರಿಯಾಗಿ ಹೋಗ್ತಾ ಉಂಟಲ್ಲ ಮೇಡಮ್?"

"ಉಂಟು."

"ಊಟಕ್ಕೆ ಹೋಗ್ಬೇಕು ಅಂತ ಕರಾರಿನಲ್ಲಿ ಎಲ್ಲಿ ಬರ್ದಿದ್ದೀರಿ, ತೋರಿಸಿ."

ಮೀನಿನವಳಿಂದ ಮ್ಯಾನೇಜರನವರೆಗೆ ಎಲ್ಲರ ಹತ್ತಿರ ಚೌಕಾಸಿ ಮಾಡಿದವಳು ನಾನು. ಅಂದು ಕೊಟ್ಟು ಕೊಳ್ಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. "ಕೇಳಿದ್ದು ನಾನು, ಅಕ್ಕ ಅಲ್ಲ," ಎಂದೆ.

"ಸಹಿ ಅಕ್ಕನದ್ದೇ ಅಲ್ವಾ?" ಎಂದು ಅವರು ಗಲ್ಲಾಕ್ಕೆ ಮರಳಿದರು.

ನಾನು ಮನೆಗೆ ಬಂದಾಗ ಅಕ್ಕ ನನ್ನ ಬೆನ್ನ ಹಿಂದೆ ನೋಡಿದರು. ಮೆಟ್ಟಿಲಲ್ಲಿ ಯಾರೂ ಇರಲಿಲ್ಲ.

"ಹೋಟೆಲಿನಲ್ಲಿ ತುಂಬ ರಶ್ ಅಕ್ಕ," ಎಂದೆ.

"ಹೌದಾ? ಪಾಪ, ಅವನಿಗೂ ಪುರುಸೊತ್ತು ಬೇಕಲ್ಲ."

ನನ್ನನ್ನು ಕೂರಿಸಿ ಬಡಿಸಿದರು. ಒಣರೊಟ್ಟಿ ಮುರಿದು ಹಾಕಿ ಮೇಲೆ ಕೋಳಿಸಾರು ಸುರಿದರು. ತಮ್ಮನಿಗೆಂದು ಬೇರೆ ತೆಗೆದಿಟ್ಟಿದ್ದ ಕೋಳಿಯ ಕಾಲನ್ನೂ ನನ್ನ ತಟ್ಟೆಗೇ ಹಾಕಿ, ನಾನು ತಿನ್ನುವವರೆಗೂ ಎದುರಿಗೇ ಕೂತಿದ್ದರು.